ಪಕ್ಕದ ಬೋರ್ಡಿನ ರೀಫಿಲ್ಲು

ಪ್ರೀತಿಯ ಅತ್ತೆ,

ಒಂದೇ ಮನೆಯಲ್ಲಿದ್ದುಕೊಂಡು, ನಡುವೆ ಒಂದು ಗೋಡೆ ಮಾತ್ರ ಇರುವಾಗ, ಸೊಸೆ ಅತ್ತೆಗೆ ಪತ್ರ ಬರೆಯುತ್ತಾಳೆಂದರೆ ಕೇಳಿದವರು ನಗುತ್ತಾರೆ. ನಿಮ್ಮ ಮಗ ಈಗಾಗಲೇ ನಕ್ಕಾಯಿತು. ಆದರೆ ಇದನ್ನು ಶುರು ಮಾಡಿದವರು ನೀವು. ಮೊನ್ನೆ ಬೆಳಿಗ್ಗೆ ಚಹಾ ಕುಡಿಯುವಾಗ ಹಾಳೆಯೊಂದನ್ನು ಬರೆದು ನನ್ನ ಕಡೆ ತಳ್ಳಿದಿರಿ: “ನಾನು ಉಪ್ಪು ಬೇಕು ಅಂದ್ರೂ ಬರೆದೇ ಕೇಳ್ಬೇಕು. ನೀನು ಮಾತ್ರ ಪಟಪಟ ಮಾತಾಡಿ ಎದ್ದು ಹೋಗ್ತೀಯ. ಇದ್ಯಾವ ನ್ಯಾಯ? ನನ್ನ ಬೆನ್ನ ಹಿಂದೆ ಏನೇನು ಮಾಡಿದೆ, ಎಲ್ಲಾ ಬರೆದು ಕೊಡು. ಸುಳ್ಳು ಬೆರೆಸ್ಬೇಡ.”

ಇವತ್ತು ಲ್ಯಾಬಿಗೆ ರಜೆ. ನೀವು ಆಚೆ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಏನೋ ಗೀಚುತ್ತಿದ್ದೀರಿ. ನಾನು ಊಟದ ಮೇಜನ್ನು ಒರೆಸಿ, ಹಾಳೆ ಹರಡಿಕೊಂಡು ಕೂತಿದ್ದೇನೆ. ಸುಳ್ಳು ಬೆರೆಸುವುದಿಲ್ಲ. ನಿಮಗೆ ಗೊತ್ತಿರುವುದೂ ನಡುನಡುವೆ ಬರುತ್ತದೆ, ಸಹಿಸಿಕೊಳ್ಳಿ. ಅದೆಲ್ಲ ನನ್ನ ಕಡೆಯಿಂದ ಹೇಗೆ ಕಂಡಿತು ಅನ್ನುವುದು ನಿಮಗೆ ಗೊತ್ತಿಲ್ಲವಲ್ಲ.

ಈ ಮನೆಗೆ ಬಂದ ಹೊಸದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಗುತ್ತಿದ್ದದ್ದು ನೀವು ಬಾಯಿ ತೆರೆದಾಗ. ದುಡಿಯುವ ವಯಸ್ಸನ್ನೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕಳೆದವರು ನೀವು. ಯಾರಿಗೆ ಯಾವ ಲೈನು ಕೊಡಬೇಕು, ಯಾರನ್ನು ಕಾಯಿಸಬೇಕು, ಯಾರನ್ನು ಗದರಿಸಬೇಕು ಅನ್ನುವುದನ್ನೆಲ್ಲ ಕೂತಲ್ಲಿಂದಲೇ ನಡೆಸಿದವರು. ಅದೇ ಅಭ್ಯಾಸ ಮನೆಗೂ ಬಂದಿತ್ತು. ಅಡುಗೆಮನೆಯಿಂದ ನೀವು ಕೂಗಿದರೆ ಮಹಡಿಯ ಮೇಲಿನ ಬಾಡಿಗೆಯವರು ಬಾಗಿಲು ತೆರೆಯುತ್ತಿದ್ದರು. ದೂರದೂರಿಗೆ ಕೂಗಿ ಮಾತಾಡಬೇಕಾಗಿದ್ದ ‘ಟ್ರಂಕ್ ಕಾಲ್’ ಹೆಸರನ್ನು ಮಾವ ನಿಮಗೆ ಇಟ್ಟದ್ದು ಸುಮ್ಮನೆ ಅಲ್ಲ.

ಅಂಥವರ ಗಂಟಲಿನಲ್ಲೇ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಜೀವಕ್ಕೆ ಅಪಾಯವಿಲ್ಲ, ಮಾತು ಮಾತ್ರ ಮತ್ತೆ ಬರುವುದಿಲ್ಲ ಎಂದು ಸರ್ಜನ್ ಹೇಳಿದಾಗ ನಿಮ್ಮ ಮಗ ಮುಖ ಆಚೆ ತಿರುಗಿಸಿಕೊಂಡರು. ನೀವೇ ಅವರ ತೊಡೆಗೆ ಒಂದು ಏಟು ಹಾಕಿ, “ಅಳೋದಿದ್ರೆ ಮನೇಲಿ ಅಳು, ಇಲ್ಲಿ ಡಾಕ್ಟ್ರಿಗೆ ಹೊತ್ತಾಗುತ್ತೆ” ಅಂದಿರಿ. ನನಗೆ ಆಗ ಅನ್ನಿಸಿತು, ಇವರಿಗೆ ಏನೂ ಆಗುವುದಿಲ್ಲ, ಗೆದ್ದು ಬರುತ್ತಾರೆ ಅಂತ.

ಗೆದ್ದಿರಿ, ನಿಜ. ಆದರೆ ಮನೆಗೆ ಬಂದ ಮೇಲೆ ಸೋಲತೊಡಗಿದಿರಿ. ಆಸ್ಪತ್ರೆಯವರು ಬರೆದು ಒರೆಸುವ ಬಿಳಿ ಹಲಗೆ ಕೊಟ್ಟಿದ್ದರು. ಅದರ ಮಾರ್ಕರಿನ ವಾಸನೆ ನಿಮಗೆ ಆಗಲಿಲ್ಲ. ಮೇಲಾಗಿ, “ಒರೆಸಿಬಿಟ್ರೆ ನಾನು ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ?” ಅಂತ ಅದೇ ಹಲಗೆಯ ಮೇಲೆ ಬರೆದು ಅದನ್ನು ಕಪಾಟಿನ ಹಿಂದಕ್ಕೆ ತಳ್ಳಿದಿರಿ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯ ಮಾತಿನ ತರಬೇತಿಯವರು ತೋರಿಸಿದರು. ಒಂದು ಸಲ ಹಿಡಿದು, ಅದರ ಗೊರಗೊರ ಕೇಳಿ, ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ಮೊಬೈಲಿನ ಅಕ್ಷರಗಳ ಮೇಲೆ ನಿಮ್ಮ ಬೆರಳು ನಿಲ್ಲುತ್ತಿರಲಿಲ್ಲ. ಬಾಲ್‌ಪೆನ್ನು ಹಿಡಿದರೆ ಒತ್ತಿ ಬರೆಯಬೇಕು, ಒತ್ತಿದರೆ ಹೆಬ್ಬೆರಳ ಗಂಟು ಹಿಂಡುತ್ತದೆ. ಹಾಗಾಗಿ ನೀವು ಮಾತನ್ನು ಕಡಿಮೆ ಮಾಡುತ್ತ ಹೋದಿರಿ. “ಬೇಡ.” “ಸಾಕು.” “ಆಯ್ತು.” ಊರಿಗೆಲ್ಲ ಲೈನು ಕೊಟ್ಟವರು ಮೂರು ಪದಕ್ಕೆ ಬಂದು ನಿಂತಿರಿ. ಆಮೇಲೆ ಅದನ್ನೂ ಬರೆಯದೆ ಕೈಯಾಡಿಸಿಬಿಡುತ್ತಿದ್ದಿರಿ. ಊಟಕ್ಕೆ ಕರೆದರೆ ತಟ್ಟೆ ಕೋಣೆಗೇ ತಾ ಅನ್ನುವಂತೆ ಸನ್ನೆ.

ನಮಗೂ ಅದೇ ರೂಢಿಯಾಯಿತು ಅತ್ತೆ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ನಾನೂ ನಿಮ್ಮ ಮಗನೂ ಊಟಕ್ಕೆ ಕೂತು ನಮ್ಮ ನಮ್ಮ ಕೆಲಸದ ಮಾತಾಡಿಕೊಂಡು ಏಳುತ್ತಿದ್ದೆವು. ಒಂದು ದಿನ ಪಕ್ಕದ ಕೋಣೆಯಲ್ಲಿ ನೀವಿದ್ದೀರಿ ಅನ್ನುವುದನ್ನೇ ಮರೆತು ನಾನು ದೀಪ ಆರಿಸಿ, ಬಾಗಿಲು ಹಾಕಿಕೊಂಡು ಅಂಗಡಿಗೆ ಹೊರಟಿದ್ದೆ. ಬೀದಿಯ ತಿರುವಿನಲ್ಲಿ ಅದು ಹೊಳೆಯಿತು. ಓಡಿ ಬಂದು ನೋಡಿದರೆ ನೀವು ಮಬ್ಬುಗತ್ತಲಲ್ಲಿ ಹಾಗೆಯೇ ಕೂತಿದ್ದಿರಿ. ಬೈಯಲೂ ಇಲ್ಲ.

ಆ ಪೆನ್ನು ಕೈಗೆ ಸಿಕ್ಕಿದ್ದು ಅದಾದ ಮೇಲೆ. ನಿಮ್ಮ ಔಷಧಿ ಚೀಟಿಗಳಿಗೆ ಜಾಗ ಮಾಡೋಣವೆಂದು ಡ್ರಾಯರು ಖಾಲಿ ಮಾಡುತ್ತಿದ್ದೆ. ಕಡುನೀಲಿ ಮೈ, ಬೆಳ್ಳಿ ಬಣ್ಣದ ಟೊಪ್ಪಿ, ಮೂಗಿನ ತುದಿ ಮಾತ್ರ ಕಾಣುವಂಥ ಸಣ್ಣ ನಿಬ್ಬು. ಸರಕು ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಮಾವ ಯಾವುದೋ ದೂರದ ಬಂದರಿನಿಂದ ತಂದದ್ದು ಅಂತ ನಿಮ್ಮ ಮಗ ಹೇಳಿದರು. ಇಂಕ್ ಪೆನ್ನಿಗೆ ಒತ್ತುವ ಹಂಗಿಲ್ಲ ತಾನೇ, ಕಾಗದದ ಮೇಲೆ ಸುಮ್ಮನೆ ಜಾರಿಸಿದರೂ ಬರೆಯುತ್ತದೆ. ನಿಮ್ಮ ಬೆರಳಿಗೆ ಇದೇ ಸರಿ ಅಂತ ನನಗೆ ಹಿಗ್ಗೋ ಹಿಗ್ಗು. ಆದರೆ ಅದು ಬಾಟಲಿಯಿಂದ ಶಾಯಿ ಹೀರುವ ಜಾತಿಯಲ್ಲ. ಶಾಯಿ ತುಂಬಿದ ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನು, ಅದೇ ರೀಫಿಲ್ಲನ್ನು, ಒಳಗೆ ಸಿಕ್ಕಿಸಬೇಕು. ಹಳೆಯದೊಂದು ಒಳಗೇ ಒಣಗಿ ಅಂಟಿಕೊಂಡಿತ್ತು. ಬಿಸಿನೀರಲ್ಲಿ ನೆನೆಸಿ, ಉಸಿರು ಬಿಗಿಹಿಡಿದು ಎಳೆದೆ. ಬಂತು, ಆದರೆ ಬಾಯಿಯ ಹತ್ತಿರ ಸೀಳಿಕೊಂಡೇ ಬಂತು.

ಆ ಸೀಳಿದ ತುಂಡನ್ನು ಲ್ಯಾಬಿನ ಸ್ಯಾಂಪಲ್ ಚೀಲದಲ್ಲಿ ಹಾಕಿಕೊಂಡು ನಾನು ಅಲೆದದ್ದನ್ನು ನಿಮಗೆ ಹೇಳಿಯೇ ಇಲ್ಲ. ದಿನವೂ ಬೆಳಗ್ಗೆ ಜನರ ರಕ್ತ ತೆಗೆಯುವುದು, ಮಧ್ಯಾಹ್ನದ ಮೇಲೆ ಪೆನ್ನಿನಂಗಡಿಗಳ ಮೆಟ್ಟಿಲು ಹತ್ತುವುದು. ಶಾಲೆಯ ಮುಂದಿನ ಅಂಗಡಿಯವನು ಕೊಟ್ಟ ರೀಫಿಲ್ಲಿನ ಬಾಯಿ ಚಿಕ್ಕದು, ಸಿಕ್ಕಿಸಿದರೆ ನಿಲ್ಲಲಿಲ್ಲ. ಇನ್ನೊಬ್ಬರು ಕೊಟ್ಟದ್ದು ಒಳಗೇನೋ ಹೋಯಿತು, ಟೊಪ್ಪಿ ತೆಗೆದರೆ ಶಾಯಿಯೆಲ್ಲ ನನ್ನ ಬಿಳಿ ಕೋಟಿನ ಜೇಬಿನಲ್ಲಿ. ಮಾರನೆಯ ದಿನ ರಕ್ತ ಕೊಡಲು ಬಂದವರೊಬ್ಬರು ಆ ಕಲೆ ನೋಡಿ, “ನಿಮ್ಮಲ್ಲಿ ನೀಲಿ ರಕ್ತನೂ ಸಿಗುತ್ತಾ?” ಅಂದರು. ದೊಡ್ಡ ಅಂಗಡಿಯೊಂದರಲ್ಲಿ ಟೈ ಕಟ್ಟಿದ ಮನುಷ್ಯ ನನ್ನ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ, “ಈ ಕಂಪೆನಿ ಮುಚ್ಚಿಹೋಯ್ತಲ್ಲ ಮೇಡಂ. ಇದರ ಅಳತೆನೇ ಬೇರೆ, ಬೇರೆ ಯಾವುದೂ ಕೂರಲ್ಲ. ಪೆನ್ನನ್ನ ಶೋಕೇಸಿನಲ್ಲಿಡಿ, ಚೆನ್ನಾಗಿ ಕಾಣುತ್ತೆ” ಅಂದ. ಶೋಕೇಸಿನಲ್ಲಿಟ್ಟರೆ ನಮ್ಮ ಅತ್ತೆ ಮಾತಾಡೋದು ಹೇಗೆ ಸ್ವಾಮಿ ಅನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಒಂದು ಬಾಟಲಿ ಶಾಯಿ ತಂದು ನಿಬ್ಬನ್ನು ಅದ್ದಿ ಅದ್ದಿ ಬರೆಯಲು ಕೊಟ್ಟದ್ದು ನಿಮಗೆ ನೆನಪಿದೆ. ಎರಡು ಪದಕ್ಕೊಮ್ಮೆ ಅದ್ದಬೇಕು, ಅಷ್ಟರಲ್ಲಿ ಹಾಳೆಯ ಮೇಲೆ ಹನಿ. ಆದರೂ ಆ ಎರಡು ಪದ ಬರೆದಾಗ ನಿಮ್ಮ ಹುಬ್ಬು ಮೇಲೇರಿದ್ದನ್ನು ನಾನು ನೋಡಿದೆ. ಕೈ ನೋಯಲಿಲ್ಲ ಅನ್ನುವ ಆಶ್ಚರ್ಯ ಅದು. ಮೂರನೆಯ ಸಲ ಅದ್ದುವಾಗ ಬಾಟಲಿ ಉರುಳಿ ಹಾಸಿಗೆಯೆಲ್ಲ ನೀಲಿಯಾಯಿತು. ನೀವು ಪೆನ್ನನ್ನು ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಿರಿ. ಆ ಬೆನ್ನು ನೋಡಿದ ಮೇಲೆ ನನಗೆ ಹಟ ಬಂತು.

ಅವತ್ತು ಹಾಸಿಗೆಯ ಬಟ್ಟೆ ಹಿಂಡುತ್ತ ನಿಮ್ಮ ಮಗ ಅಂದರು: “ಅಪ್ಪ ಇಂಥವು ಎರಡು ತಂದಿದ್ರು ಗೊತ್ತಾ? ಅಮ್ಮನಿಗೊಂದು, ಪಕ್ಕದ ಬೋರ್ಡಿಗೊಂದು. ಒಬ್ಬರಿಗೇ ಕೊಟ್ಟಿದ್ರೆ ಎಕ್ಸ್‌ಚೇಂಜಿನಲ್ಲಿ ಯುದ್ಧ ಆಗ್ತಿತ್ತು.”

ಪಕ್ಕದ ಬೋರ್ಡು. ಎಕ್ಸ್‌ಚೇಂಜಿನಲ್ಲಿ ನಿಮ್ಮ ಸ್ವಿಚ್‌ಬೋರ್ಡಿನ ಪಕ್ಕದ ಬೋರ್ಡಿನಲ್ಲಿ ಕೂತು ಕೆಲಸ ಮಾಡಿದ ನಿಮ್ಮ ಗೆಳತಿ. ನೀವು ಅವರನ್ನು ಹಾಗೆ ಕರೆಯುತ್ತೀರಿ, ಅವರೂ ನಿಮ್ಮನ್ನು ಹಾಗೆಯೇ ಕರೆಯುತ್ತಾರೆ. ನನ್ನ ಕೈ ಬಕೆಟ್ಟಿನಲ್ಲೇ ನಿಂತುಹೋಯಿತು. ಯಾಕೆಂದರೆ ಆಪರೇಷನ್ನಿಗೆ ಹೋಗುವ ಮುಂಚೆ ನೀವು ನನಗೆ ಹೇಳಿದ ಕೊನೆಯ ಮಾತುಗಳಲ್ಲೊಂದು, “ಅವಳಿಗೆ ಮಾತ್ರ ಹೇಳ್ಕೂಡ್ದು. ಅವಳ ಕಿವಿಯಲ್ಲಿ ನಾನು ಇದ್ದ ಹಾಗೇ ಇರ್ತೀನಿ.” ಅವರು ಫೋನು ಮಾಡಿದಾಗಲೆಲ್ಲ ಮಲಗಿದ್ದಾರೆ, ಸ್ನಾನಕ್ಕೆ ಹೋಗಿದ್ದಾರೆ, ಹೊರಗೆ ಹೋಗಿದ್ದಾರೆ ಅಂತ ನಾನು ಹೇಳುತ್ತ ಬಂದೆ. ಕೊನೆಕೊನೆಗೆ ಅವರು, “ಸರಿ ಬಿಡಮ್ಮ, ಅರ್ಥ ಆಯ್ತು” ಅಂತ ಫೋನಿಟ್ಟವರು ಮತ್ತೆ ಮಾಡಲೇ ಇಲ್ಲ. ಆಗ ನೀವು ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿಕೊಂಡಿದ್ದಿರಿ.

ಹೋಗಲೋ ಬೇಡವೋ ಅಂತ ಬಹಳ ಹೊಯ್ದಾಡಿದೆ. ನಿಮ್ಮ ಮಾತು ಮೀರಿದರೆ ನೀವು ನನ್ನ ಮುಖ ನೋಡದಿರಬಹುದು. ಮೀರದಿದ್ದರೆ ನೀವು ಗೋಡೆಯನ್ನೇ ನೋಡುತ್ತ ಇದ್ದುಬಿಡಬಹುದು. ಕೊನೆಗೆ ನನಗೆ ನಾನೇ ಒಂದು ಕಳ್ಳದಾರಿ ಹುಡುಕಿಕೊಂಡೆ: ರೀಫಿಲ್ಲು ಇದೆಯಾ ಅಂತ ಮಾತ್ರ ಕೇಳುವುದು, ಮಿಕ್ಕ ವಿಷಯ ಎತ್ತಬಾರದು. ಲ್ಯಾಬಿನಿಂದ ಸೀದಾ ಬಸ್ಸು ಹತ್ತಿ ಸೇತುವೆಯಾಚೆ ಇಳಿದು, ಅವರ ಕಟ್ಟಡದ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದವರು ಒಳಗೆ ಬಾ ಅನ್ನಲಿಲ್ಲ. ಚೌಕಟ್ಟಿಗೆ ಕೈ ಅಡ್ಡ ಇಟ್ಟುಕೊಂಡೇ ಕೇಳಿದರು: “ಏನು, ಸತ್ಲಾ?”

“ಅಯ್ಯೋ, ಇಲ್ಲ ಚಿಕ್ಕಮ್ಮ!” ಅಂದೆ.

“ಮತ್ತೇನು ಈ ಕಡೆ?”

ನಾನು ಸ್ಯಾಂಪಲ್ ಚೀಲ ತೋರಿಸಿ, ಪೆನ್ನು, ರೀಫಿಲ್ಲು ಅಂತ ತೊದಲಿದೆ. ಅವರ ಮುಖ ಕೆಂಪಗಾಯಿತು. “ಓಹೋ. ಫೋನು ಎತ್ತೋಕೆ ಪುರುಸೊತ್ತಿಲ್ಲ, ರೀಫಿಲ್ಲಿಗೆ ಮಾತ್ರ ನಾನು ನೆನಪಾದ್ನಾ? ಅದಕ್ಕೂ ಸೊಸೆನ ಕಳಿಸಿದ್ದಾಳೆ ನೋಡು. ಯಾಕೆ, ಅವಳ ಬಾಯಿ ಬಿದ್ದುಹೋಗಿದ್ಯಾ?”

ಅತ್ತೆ, ನಾನು ಏನೂ ಹೇಳಬಾರದು ಅಂತಲೇ ಹೋಗಿದ್ದೆ. ಆದರೆ ಅವರು ಕೇಳಿದ ಆ ಪ್ರಶ್ನೆಗೆ ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. “ಹೌದು ಚಿಕ್ಕಮ್ಮ. ಬಿದ್ದುಹೋಗಿದೆ” ಅಂದೆ. ಅಲ್ಲೇ ಮೆಟ್ಟಿಲ ಮೇಲೆ ನಿಂತು ಎಲ್ಲ ಹೇಳಿದೆ. ಅವರು ಅಡ್ಡ ಇಟ್ಟ ಕೈ ನಿಧಾನಕ್ಕೆ ಇಳಿಯಿತು. ಬಾಗಿಲ ಹಿಂದಿನ ಚಪ್ಪಲಿ ಸ್ಟ್ಯಾಂಡಿನ ಮೇಲೇ ಕೂತುಬಿಟ್ಟರು. ಅಳಲಿಲ್ಲ. “ಕತ್ತೆ,” ಅಂದರು, “ಕತ್ತೆ ಅವಳು. ಅವಳ ದನಿ ಕೇಳೋಕೆ ಫೋನು ಮಾಡ್ತಿದ್ದೆ ಅಂದ್ಕೊಂಡ್ಲಾ? ನನ್ನ ದನಿ ಕೇಳಿಸೋಕೆ ಮಾಡ್ತಿದ್ದೆ. ನನ್ನ ಮಾತು ಬೇರೆ ಯಾರು ಕೇಳ್ತಾರೆ?” ಆಮೇಲೆ ಒಳಗೆ ಹೋಗಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತಂದರು. ನಾನು ಕೈ ಚಾಚಿದೆ. ಅವರು ಅದನ್ನು ಎದೆಗವಚಿಕೊಂಡು, “ನಿನಗಲ್ಲ. ನಾನೇ ಕೊಡ್ತೀನಿ. ನಡಿ” ಅಂದರು. ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ ಬಾಗಿಲು ಎಳೆದುಕೊಂಡು ನನ್ನ ಮುಂದೆ ಮುಂದೆ ಇಳಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಮ್ಮನ್ನು ಬೈದರು. ಎದುರು ಸೀಟಿನವರೆಲ್ಲ ಯಾರೋ ಭಾರೀ ಕೆಟ್ಟ ಹೆಂಗಸು ಅಂದುಕೊಂಡಿರಬೇಕು.

ಅವರು ಕೋಣೆಗೆ ಕಾಲಿಟ್ಟಾಗ ನೀವು ಆಪರೇಷನ್ನಿನ ತೂತು ಮುಚ್ಚುವ ಕೊರಳ ಬಟ್ಟೆಯನ್ನು ಗಲ್ಲದವರೆಗೆ ಎಳೆದುಕೊಂಡು ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ನೀವು ತಿರುಗಿ ಗೋಡೆ ನೋಡತೊಡಗಿದಿರಿ. ಅವರು ಕುರ್ಚಿ ಎಳೆದು, ಎಂದಿನಂತೆ ನಿಮ್ಮ ಪಕ್ಕದಲ್ಲಿ, ನಿಮ್ಮ ಎದುರಿಗಲ್ಲ, ಪಕ್ಕದಲ್ಲೇ ಕೂತರು. ಅವರೂ ಗೋಡೆಯನ್ನೇ ನೋಡುತ್ತ ಅಂದರು: “ಆ ಮನೆಹಾಳ ಸೂಪರ್‌ವೈಸರ್ ಇದ್ದಷ್ಟು ವರ್ಷ ನಮಗೆ ಮಾತಾಡೋಕೆ ಎಲ್ಲಿ ಬಿಟ್ಟ? ಕೆಲಸದ ಹೊತ್ತಿನಲ್ಲಿ ಹರಟೆ ಕೂಡದು ಅಂತ ಹಿಂದೇನೇ ನಿಂತಿರ್ತಿದ್ದ. ನಿನ್ನ ಮದುವೆ ವಿಷಯ ನೀನು ನನಗೆ ಹೇಳಿದ್ದು ಚೀಟಿಯಲ್ಲಿ. ನನ್ನ ಗಂಡ ಬಿಟ್ಟುಹೋದದ್ದು ನಾನು ನಿನಗೆ ಹೇಳಿದ್ದು ಚೀಟಿಯಲ್ಲಿ. ನಾವು ಯಾವತ್ತು ಕಣೇ ಬಾಯಲ್ಲಿ ಮಾತಾಡಿದ್ದು? ಈಗೇನು ಹೊಸದು?”

ಆಮೇಲೆ ನಿಮ್ಮ ಕೈ ಹಾಸಿಗೆಯ ಮೇಲಿಂದ ಆ ಕಡೆ ಸರಿದು, ಅಂಗೈ ಮೇಲಾಗಿ ನಿಂತಿತು. ಚೀಟಿ ಕೇಳುವ ಕೈ. ಅವರು ಡಬ್ಬಿಯನ್ನು ಅದರ ಮೇಲಿಟ್ಟರು.

ಮುಚ್ಚಳ ತೆಗೆದಾಗ ನನಗೆ ಅಳುವೇ ಬಂತು. ರೀಫಿಲ್ಲುಗಳು ಸಾಲಾಗಿ ಇದ್ದವು, ಒಂದೂ ಬಳಸದವು, ಸೀಲು ಹಾಗೇ ಇತ್ತು. ಆದರೆ ಎತ್ತಿದರೆ ಗರಿಯಷ್ಟು ಹಗುರ. ಅಲ್ಲಾಡಿಸಿದರೆ ಸದ್ದಿಲ್ಲ. ಇಷ್ಟು ವರ್ಷದಲ್ಲಿ ಶಾಯಿಯೆಲ್ಲ ಆರಿಹೋಗಿ, ತಳದಲ್ಲಿ ನೀಲಿ ಪುಡಿ ಮಾತ್ರ ಉಳಿದಿತ್ತು. ಚಿಕ್ಕಮ್ಮ ಪೆಚ್ಚಾದರು. ನೀವು ಡಬ್ಬಿ ಮುಚ್ಚಲು ಹೋದಿರಿ. ನಾನು ಹಾಗೇ ಸುಮ್ಮನೆ ಒಂದನ್ನು ತೆಗೆದು ಪೆನ್ನಿಗೆ ಒತ್ತಿದೆ. ಟಕ್ ಎಂದಿತು. ಅಷ್ಟು ಅಂಗಡಿ ಸುತ್ತಿ ನಾನು ಕೇಳದಿದ್ದ ಸದ್ದು ಅದು. ಅಳತೆ ಸರಿಯಾಗಿ ಕೂತಿತ್ತು, ಸೀಲಿಗೆ ಅಚ್ಚುಕಟ್ಟಾಗಿ ತೂತೂ ಬಿದ್ದಿತ್ತು. ನಮಗೆ ಬೇಕಾದದ್ದು ಕೊಳವೆ. ಶಾಯಿ ಬಾಟಲಿಯಲ್ಲಿ ಇತ್ತಲ್ಲ!

ಹೊಸ ಸಿರಿಂಜು ಮನೆಯಲ್ಲೇ ಇತ್ತು. ಕೊಳವೆಯನ್ನು ಬಿಸಿನೀರಲ್ಲಿ ತೊಳೆದು, ಸೂಜಿಯಿಂದ ಹನಿಹನಿಯಾಗಿ ಶಾಯಿ ತುಂಬಿದೆ. ದಿನಾ ಜನರ ಮೈಯಿಂದ ಎಳೆಯುವ ನನಗೆ ಒಳಗೆ ತುಂಬಿಸುವುದು ಹೊಸ ಕೆಲಸ. “ನರ ಸಿಕ್ತಾ?” ಅಂತ ಚಿಕ್ಕಮ್ಮ ತಲೆ ಮೇಲೆ ನಿಂತು ಕೇಳುತ್ತಿದ್ದರು. ಪೆನ್ನನ್ನು ನಿಮ್ಮ ಕೈಗೆ ಕೊಟ್ಟೆ. ನಿಬ್ಬು ಮೊದಲು ಒಣ ಗೆರೆ ಎಳೆಯಿತು, ಆಮೇಲೆ ತಿಳಿನೀಲಿ, ಆಮೇಲೆ ಕಡುನೀಲಿ. ನೀವು ಗೆಳತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಲ್ಲಿಸದೆ ಒಂದು ಸಾಲು ಬರೆದಿರಿ: “ಎಷ್ಟು ದಪ್ಪ ಆಗಿದ್ದೀಯ, ಕುರ್ಚಿ ಮುರಿದೀಯ.”

ಚಿಕ್ಕಮ್ಮ ಗಟ್ಟಿಯಾಗಿ ನಕ್ಕರು, ನೀವು ಸದ್ದಿಲ್ಲದೆ ಭುಜ ಕುಣಿಸಿ ನಕ್ಕಿರಿ. ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟು, ಸಕ್ಕರೆ ಎಲ್ಲಿದೆ ಅಂತ ಗೊತ್ತಾಗದೆ ನಿಂತಿದ್ದೆ.

ಅವತ್ತಿನ ನನ್ನ ತಪ್ಪಿಗೆ ಶಿಕ್ಷೆ ಬರುತ್ತದೆಂದು ಕಾಯುತ್ತಿದ್ದೆ. ಬಂತು. ಎರಡು ದಿನ ಬಿಟ್ಟು ನನ್ನ ತಟ್ಟೆಯ ಪಕ್ಕ ಮಡಿಸಿದ ಹಾಳೆಗಳ ಕಟ್ಟು. ಆಪರೇಷನ್ನಾದ ದಿನದಿಂದ ಕೂಡಿಟ್ಟ ದೂರುಗಳೆಲ್ಲ ಅದರಲ್ಲಿ! ಚಹಾ ದಿನದಿನಕ್ಕೆ ನೀರಾಗುತ್ತಿದೆ. ದಿಂಬಿನ ಚೀಲ ಉಲ್ಟಾ ಹಾಕುತ್ತೀಯ. ನಿನ್ನ ಗಂಡ ತಲೆಗೂದಲು ಕತ್ತರಿಸಿಕೊಳ್ಳದೆ ಎಷ್ಟು ದಿನ ತಿರುಗುತ್ತಾನೆ, ನಿನಗೆ ಕಣ್ಣಿಲ್ಲವಾ. “ನನ್ನ ದನಿ ಹೋಗಿದೆ, ಕಿವಿ ಹೋಗಿಲ್ಲ. ನನ್ನ ಹತ್ರ ಯಾಕೆ ಹಾಗೆ ಕಿರುಚಿ ಕಿರುಚಿ ಮಾತಾಡ್ತೀಯ?” ಕೊನೆಯ ಹಾಳೆಯಲ್ಲಿ ಅಕ್ಷರ ಮಸುಕಾಗುತ್ತ ಬಂದು, “ಇನ್ನೂ ಇದೆ. ಶಾಯಿ ಮುಗೀತು. ತುಂಬಿಸಿ ತಾ.” ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಈಗ ನಿನ್ನೆಯ ವಿಷಯ. ನಿಮಗೂ ಚಿಕ್ಕಮ್ಮನಿಗೂ ಚಹಾ ಕೊಟ್ಟು ಏಳುವಾಗ ನೀವು ನನ್ನ ಕೈ ಹಿಡಿದು ನಿಲ್ಲಿಸಿ ಬರೆದಿರಿ: “ನನ್ನ ದನಿ ಹೇಗಿತ್ತು, ನಿನಗೆ ನೆನಪಿದ್ಯಾ? ನನಗೇ ಮರೀತಾ ಬಂತು.” ನಾನು ಉತ್ತರ ಹೇಳದೆ ಕಪ್ಪು ತೆಗೆದುಕೊಂಡು ಹೊರಟುಹೋದೆ. ನೀವು ನೊಂದುಕೊಂಡಿರಬಹುದು. ಬಾಯಲ್ಲಿ ಹೇಳಲು ಆಗಲಿಲ್ಲ ಅತ್ತೆ, ಬರೆಯುತ್ತೇನೆ.

ಆ ದೂರಿನ ಹಾಳೆಗಳು ಬಂದ ದಿನ ಸಂಜೆ ನೀವು ಚಿಕ್ಕಮ್ಮನ ಜೊತೆ ವಾಕಿಂಗಿಗೆ ಹೋಗಿದ್ದಿರಿ. ನಿಮ್ಮ ಮಗ ಒಳಗೆ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದರು. ಅವರಿಗೆ ಕೇಳಿಸಲಿ ಅಂತ ನಾನು ಅಡುಗೆಮನೆಯಿಂದಲೇ ಗಟ್ಟಿಯಾಗಿ ಓದಿದೆ. ನೀವು ಬರೆಯುವಾಗಲೂ ಮಾತಾಡಿದ ಹಾಗೇ ಬರೆಯುತ್ತೀರಿ, ನಿಮಗೆ ಗೊತ್ತೋ ಇಲ್ಲವೋ. “ಕಿಟಕಿ ಹಾಕು ಅಂದ್ರೆ ಪೂರ್ತಿ ಹಾಕೂ” ಅಂತ ಕೊನೆಯ ಅಕ್ಷರ ಎಳೆದಿರುತ್ತೀರಿ. ಅದನ್ನು ಇದ್ದ ಹಾಗೆ ಓದಲು ಹೋದರೆ ದನಿ ತಾನಾಗಿ ಮೇಲೇರುತ್ತದೆ, ಆಮೇಲೆ ತಟ್ಟನೆ ಕಡಿಯುತ್ತದೆ, ಲೈನು ಕಡಿದ ಹಾಗೆ. ನಾನು ಅಣಕಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬರೆದಂತೆ ಓದಿದೆ, ಅಷ್ಟೇ.

ನಿಮ್ಮ ಮಗ ಟವೆಲು ಹಿಡಿದುಕೊಂಡು, ತಲೆಯಿಂದ ನೀರು ಸುರಿಯುತ್ತಿದ್ದಂತೆಯೇ, ಓಡಿ ಬಂದರು. ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು. “ಅಮ್ಮ ಕರೆದ್ಲು ಅಂದ್ಕೊಂಡೆ” ಅಂದರು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು, ಚಿಕ್ಕ ಮಗುವಿನ ಹಾಗೆ, “ಇನ್ನೊಂದು ಸಲ ಓದು” ಅಂದರು. ನಾನು ಮೊದಲಿನಿಂದ ಓದಿದೆ. ತಲೆಗೂದಲ ವಿಷಯ ಬಂದಾಗ, “ಆಯ್ತಮ್ಮ, ನಾಳೆ ಹೋಗ್ತೀನಿ” ಅಂತ ನನಗೆ ಉತ್ತರ ಕೊಟ್ಟರು. ಮಾರನೆಯ ದಿನ ಹೋಗಿಯೂ ಬಂದರು, ನೀವೇ ನೋಡಿದ್ದೀರಿ.

ನೆನಪಿದೆ ಅತ್ತೆ. ನೀವು ಬರೆದ ಪ್ರತಿ ಸಾಲಿನಲ್ಲೂ ಕೇಳಿಸುತ್ತದೆ.

ನಿಮಗೆ ನೂರು ತುಂಬುವವರೆಗೂ ಗದರುವಷ್ಟು ಶಕ್ತಿ ಇರಲಿ, ನನಗೆ ಗದರಿಸಿಕೊಳ್ಳುವಷ್ಟು ಆಯುಷ್ಯ ಇರಲಿ. ಅಪ್ಪಣೆಯಿಲ್ಲದೆ ಮಾಡಿದ್ದಕ್ಕೆ ಕಿವಿ ಹಿಂಡುವುದಿದ್ದರೆ ಬಾಗಿಲು ತೆರೆದೇ ಇದೆ.

ಗೋಡೆಯ ಈಚೆಯಿಂದ,
ನಿಮ್ಮ ಸೊಸೆ